ನಿಮ್ಮ ಓಣಿಯ ಬಸುರಿ, ಬಾಣಂತಿ, ಕೂಸು: ಸ್ಲಂನಲ್ಲಿ ಆರೈಕೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಪಕ್ಕದ ಶೆಡ್‌ನಲ್ಲಿ ಒಬ್ಬಳು ಬಸುರಿ ಇದ್ದಾಳೆ, ಆಧಾರ್ ಯಾದಗಿರಿ ಕಡೆಯದು, ಇಲ್ಲಿ ತಾಯಿ ಕಾರ್ಡ್ ಕೊಡ್ತಾರಾ?" "ನಮ್ಮ ಏರಿಯಾಗೆ ಆಶಾ ಬರೋದೇ ಇಲ್ಲ, ಯಾರನ್ನ ಕೇಳ್ಬೇಕು?" "ಮಗುಗೆ ಊರಲ್ಲಿ ಎರಡು ಸಲ ಸೂಜಿ ಹಾಕಿದ್ದಾರೆ, ಉಳಿದದ್ದು ಇಲ್ಲಿ ಹಾಕ್ತಾರಾ?" ಕೇಳುವವರು ಹೆಚ್ಚಾಗಿ ಅಕ್ಕಪಕ್ಕದ ಮನೆಯವರು, ಸ್ವಸಹಾಯ ಸಂಘದ ಹೆಂಗಸರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು. ಈ ಬರಹ ಅವರಿಗಾಗಿ. ಉದಾಹರಣೆಗಳು ಬೆಂಗಳೂರಿನವು, ಆದರೆ ಹುಬ್ಬಳ್ಳಿ, ಮೈಸೂರು, ಕಲಬುರಗಿಯಲ್ಲೂ ವ್ಯವಸ್ಥೆ ಹೆಚ್ಚುಕಡಿಮೆ ಇದೇ.

ಹಳ್ಳಿಯಲ್ಲಿ ಯಾರು ಬಸುರಿ ಎಂದು ಊರಿಗೇ ಗೊತ್ತಿರುತ್ತದೆ. ನಗರದಲ್ಲಿ ಆಸ್ಪತ್ರೆ ಹತ್ತಿರವೇ ಇರುತ್ತದೆ, ಆದರೆ ಆಸ್ಪತ್ರೆಗೆ ಆ ಮನೆ ಗೊತ್ತಿರುವುದಿಲ್ಲ. ಹೆಸರು ಪಟ್ಟಿಗೆ ಸೇರುವಂತೆ ಮಾಡಬೇಕು. ಸೇರಿದ ಮೇಲೆ ನಡುವೆ ಕೈತಪ್ಪದಂತೆ ಕಾಯಬೇಕು. ನಿಮ್ಮ ಕೆಲಸ ಇವೆರಡೇ. ಮಾತ್ರೆ ಕೊಡುವುದು, ರೋಗ ಹೇಳುವುದು ಡಾಕ್ಟರ್, ಸಿಸ್ಟರ್‌ಗಳಿಗೆ ಬಿಟ್ಟದ್ದು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ನೋಟ್‌ಬುಕ್, ಒಂದು ಫೋನ್, ಜೊತೆಗೆ ಓಣಿಯಲ್ಲಿ ಎಲ್ಲರೂ ನಂಬುವ ಇಬ್ಬರು ಮೂವರು ಹೆಂಗಸರು. ಒಬ್ಬರೇ ಹೊರಟರೆ ಎರಡು ತಿಂಗಳಲ್ಲಿ ಸುಸ್ತಾಗುತ್ತದೆ.

1. ಯಾರು ಎಲ್ಲಿದ್ದಾರೆ ಎಂದು ಮೊದಲು ತಿಳಿದುಕೊಳ್ಳಿ

ಆಶಾ ಎಂದರೆ ಅದೇ ಬಡಾವಣೆಯಿಂದ ಆರಿಸಿದ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಲೆಕ್ಕದಲ್ಲಿ ನಗರದ ಬಡ ಬಡಾವಣೆಗಳಲ್ಲಿ 1,000ದಿಂದ 2,500 ಜನಕ್ಕೆ ಒಬ್ಬ ಆಶಾ ಇರಬೇಕು. ಅವರ ಮೇಲೆ ಎಎನ್‌ಎಂ, ಅಂದರೆ ಜನ 'ಸಿಸ್ಟರ್' ಎನ್ನುವ ತರಬೇತಾದ ನರ್ಸ್. ಲಸಿಕೆ ಹಾಕುವುದು, ತಾಯಿ ಕಾರ್ಡ್ ಬರೆಯುವುದು ಇವರು. ಇವರಿಬ್ಬರೂ ಸೇರಿರುವುದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಸುಮಾರು 50,000 ಜನಕ್ಕೆ ಅಂಥ ಒಂದು ಕೇಂದ್ರ ಇರುತ್ತದೆ. ಇದರ ಜೊತೆಗೆ 2022ರ ಡಿಸೆಂಬರ್‌ನಿಂದ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸರ್ಕಾರಿ ಸಣ್ಣ ಚಿಕಿತ್ಸಾಲಯಗಳು ಬಂದಿವೆ. ಹೆಚ್ಚಿನವು ಬೆಳಿಗ್ಗೆ 9ರಿಂದ ಸಂಜೆ 4.30ರ ತನಕ ತೆರೆದಿರುತ್ತವೆ. ಇನ್ನೊಬ್ಬರನ್ನು ಮರೆಯಬೇಡಿ: ಅಂಗನವಾಡಿ ಟೀಚರ್. ಬಸುರಿ, ಬಾಣಂತಿ, ಆರು ವರ್ಷದೊಳಗಿನ ಮಕ್ಕಳ ಆಹಾರ, ತೂಕ ಅವರ ಜವಾಬ್ದಾರಿ.

ಈ ಹೆಸರು, ನಂಬರ್‌ಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಆಶಾ ಬರುವುದಿಲ್ಲ ಎಂದಾದರೆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು, "ನಮ್ಮ ಓಣಿ ಯಾವ ಆಶಾ ಭಾಗಕ್ಕೆ ಬರುತ್ತದೆ?" ಎಂದು ಕೇಳಿ. ಎಷ್ಟೋ ಸಲ ಎರಡು ಕೇಂದ್ರಗಳ ಗಡಿಯಲ್ಲಿರುವ ಓಣಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಆಗ ಬಾಯಿಮಾತಿನಲ್ಲಿ ಬಿಡಬೇಡಿ. ಮನೆಗಳ ಸಂಖ್ಯೆ, ಗುರುತು ಬರೆದು, ಹತ್ತಾರು ಸಹಿ ಹಾಕಿಸಿ ಅರ್ಜಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

"ನಿಮ್ಮದು ಘೋಷಿತ ಸ್ಲಂ ಅಲ್ಲ" ಎಂಬ ಮಾತು ಕಿವಿಗೆ ಬೀಳಬಹುದು. ಘೋಷಣೆ ಎಂಬುದು 1973ರ ಕರ್ನಾಟಕ ಕೊಳೆಗೇರಿ ಕಾಯ್ದೆಯಡಿ ಬರುವ ವಿಚಾರ. ಅದು ಜಾಗ, ಮನೆಗೆ ಸಂಬಂಧಿಸಿದ್ದು. ಲಸಿಕೆಗೂ ಗರ್ಭಿಣಿ ತಪಾಸಣೆಗೂ ಆ ಘೋಷಣೆ ಬೇಕಿಲ್ಲ.

ಮಹಿಳಾ ಆರೋಗ್ಯ ಸಮಿತಿ ಇದೆಯಾ ಎಂದೂ ವಿಚಾರಿಸಿ. 50ರಿಂದ 100 ಮನೆಗಳಿಗೆ ಒಂದರಂತೆ ಅಲ್ಲಿನ ಹೆಂಗಸರೇ ಸೇರಿ ನಡೆಸುವ ಸಮಿತಿ ಇದು. ವರ್ಷಕ್ಕೆ 5,000 ರೂಪಾಯಿ ಅನುದಾನದ ಅವಕಾಶ ಇದೆ. ಕಾಗದದಲ್ಲಿ ಮಾತ್ರ ಇದ್ದರೆ ಅದನ್ನೇ ಎಬ್ಬಿಸಿ. ಹೊಸ ಸಂಘ ಕಟ್ಟುವುದಕ್ಕಿಂತ ಅದು ಸುಲಭ, ಮಾತಿಗೆ ತೂಕವೂ ಜಾಸ್ತಿ.

2. ಮನೆ ಪಟ್ಟಿ ಮಾಡಿ

ಓಣಿಯ ಒಂದು ಒರಟು ನಕ್ಷೆ ಬರೆಯಿರಿ. ನಲ್ಲಿ, ಗುಡಿ, ಮಸೀದಿ, ಅಂಗಡಿ, ಟ್ರಾನ್ಸ್‌ಫಾರ್ಮರ್ ಗುರುತು ಹಾಕಿ. ಆಮೇಲೆ ಮನೆಗಳು. ಪ್ರತಿ ಮನೆಗೆ ನಾಲ್ಕು ವಿಷಯ ಸಾಕು: ಬಸುರಿ ಇದ್ದಾರಾ, ಬಾಣಂತಿ ಇದ್ದಾರಾ, ಐದು ವರ್ಷದೊಳಗಿನ ಮಕ್ಕಳೆಷ್ಟು, ಈಚೆಗೆ ಮದುವೆಯಾಗಿ ಬಂದವರು ಯಾರು.

ಬಿಟ್ಟುಹೋಗುವವರು ಯಾವಾಗಲೂ ಅವರೇ: ಕಟ್ಟಡದ ಕೆಲಸದ ಶೆಡ್‌ನವರು, ನೀಲಿ ಟಾರ್ಪಾಲಿನ ಗುಡಿಸಲಿನವರು, ಚಿಂದಿ ಆಯುವವರು, ಮಹಡಿ ಮೇಲಿನ ಒಂಟಿ ಕೋಣೆಯ ಬಾಡಿಗೆಯವರು, ಗಂಡ ಬಿಟ್ಟವರು. ಇವರಿಂದಲೇ ಪಟ್ಟಿ ಶುರು ಮಾಡಿ. ಗಾರ್ಮೆಂಟ್ಸ್‌ಗೆ ಹೋಗುವವರು ಹಗಲು ಸಿಗುವುದಿಲ್ಲ. ಸಂಜೆ ಏಳರ ಮೇಲೆ, ಇಲ್ಲವೇ ಭಾನುವಾರ ಹೋಗಿ. ಕೆಲಸಕ್ಕೆ ಬರುವವರು, ಹೋಗುವವರು ಇದ್ದೇ ಇರುತ್ತಾರೆ, ಹಾಗಾಗಿ ತಿಂಗಳಿಗೊಮ್ಮೆ ಪಟ್ಟಿಯನ್ನು ಮತ್ತೆ ತಿರುವಿ ಹಾಕಿ.

ಎಚ್ಚರ: ಈ ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಬಸುರಿಯಾದ ಸುದ್ದಿ, ರಕ್ತಪರೀಕ್ಷೆಯ ಫಲಿತಾಂಶ, ಗರ್ಭ ಇಳಿದದ್ದು ಆ ಹೆಣ್ಣಿನ ಸ್ವಂತ ವಿಷಯ. ಒಂದು ಸಲ ಮಾತು ಹೊರಗೆ ಹೋದರೆ ಆ ಮನೆ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ.

ಹದಿನೆಂಟು ತುಂಬದ ಹುಡುಗಿ ಬಸುರಿ ಎಂದು ಗೊತ್ತಾದರೆ ಕುಟುಂಬ ಅವಳನ್ನು ಮುಚ್ಚಿಡುತ್ತದೆ, ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯ. ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು ಎಂಬುದು ನಿಜ. ಆದರೆ ಅಂಥ ಹುಡುಗಿಗೆ ರಕ್ತದ ಒತ್ತಡ, ರಕ್ತಹೀನತೆಯ ಅಪಾಯ ಎಲ್ಲರಿಗಿಂತ ಹೆಚ್ಚು. ಮುಚ್ಚಿಟ್ಟರೆ ಜೀವಕ್ಕೇ ಕುತ್ತು. ಮಕ್ಕಳ ಸಹಾಯವಾಣಿ 1098ರ ನೆರವು ಪಡೆದು ಆಸ್ಪತ್ರೆಗೆ ತಲುಪಿಸಿ.

3. ಮೂರು ತಿಂಗಳೊಳಗೆ ತಾಯಿ ಕಾರ್ಡ್

ಮುಟ್ಟು ನಿಂತ ಕೂಡಲೇ ಪರೀಕ್ಷೆ ಮಾಡಿಸಿ. ಆಶಾ ಬಳಿ ಮೂತ್ರ ಪರೀಕ್ಷೆಯ ಕಿಟ್ ಉಚಿತವಾಗಿ ಸಿಗುತ್ತದೆ. ಗರ್ಭ ಖಚಿತವಾದರೆ 12 ವಾರದೊಳಗೆ ಹೆಸರು ನೋಂದಾಯಿಸಿ. ತಾಯಿ ಕಾರ್ಡ್ ಎಂದರೆ ತಪಾಸಣೆ, ಲಸಿಕೆ, ಹೆರಿಗೆ, ಆಮೇಲೆ ಮಗುವಿನ ಲಸಿಕೆ ಎಲ್ಲವನ್ನೂ ಬರೆಯುವ ಪುಸ್ತಕ. ಅದರ ಮೇಲೆ 12 ಅಂಕಿಯ ಆರ್‌ಸಿಎಚ್ ಸಂಖ್ಯೆ, ಅಂದರೆ ಸರ್ಕಾರದ ತಾಯಿ-ಮಗು ದಾಖಲೆಯಲ್ಲಿ ಆಕೆಯ ಗುರುತಿನ ಸಂಖ್ಯೆ ಇರುತ್ತದೆ. ಆ ಪುಟದ ಫೋಟೋವನ್ನು ತಾಯಿಯ ಫೋನ್‌ನಲ್ಲೂ ಗಂಡನ ಫೋನ್‌ನಲ್ಲೂ ಉಳಿಸಿಡಲು ಹೇಳಿ. ಮಳೆಗೆ ಸೋರುವ ಮನೆಯಲ್ಲಿ ಕಾರ್ಡ್ ಒದ್ದೆಯಾಗಿ ಅಕ್ಷರ ಅಳಿಸುತ್ತದೆ. ಪ್ಲಾಸ್ಟಿಕ್ ಕವರ್‌ಗೆ ಹಾಕಿ ಪೆಟ್ಟಿಗೆಯಲ್ಲಿ ಇಡಿಸಿ.

ಆಧಾರ್, ಫೋನ್ ನಂಬರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ಬೇರೆ ಜಿಲ್ಲೆಯ, ಬೇರೆ ರಾಜ್ಯದ ವಿಳಾಸ ಇದ್ದರೂ ನೋಂದಣಿ ಆಗುತ್ತದೆ. ಆದರೆ ಊರಲ್ಲಿ ಆಗಲೇ ಕಾರ್ಡ್ ಆಗಿದ್ದರೆ ಇಲ್ಲಿ ಹೊಸದು ಮಾಡಿಸಬೇಡಿ, ಹಳೇ ಸಂಖ್ಯೆಯನ್ನೇ ತೋರಿಸಿ. ಎರಡೆರಡು ಸಂಖ್ಯೆಯಾದರೆ ಮುಂದೆ ಸಹಾಯಧನದ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಕೊನೆಯ ಮುಟ್ಟಿನ ದಿನ ಎಲ್ಲಕ್ಕಿಂತ ಮುಖ್ಯ, ಹೆರಿಗೆ ದಿನದ ಲೆಕ್ಕ ಅದರಿಂದಲೇ. "ನೆನಪಿಲ್ಲ" ಎನ್ನುವವರೇ ಜಾಸ್ತಿ. ಹಬ್ಬ ಹಿಡಿದು ಕೇಳಿ. ಸಂಕ್ರಾಂತಿಗೆ ಮುಂಚೆಯಾ, ಆಮೇಲಾ? ಶಿವರಾತ್ರಿ ದಿನ ತಲೆಗೆ ನೀರು ಹಾಕಿಕೊಂಡಿದ್ರಾ? ರಂಜಾನ್ ಉಪವಾಸದಲ್ಲಿ ಎಷ್ಟು ದಿನ ಬಿಟ್ಟಿರಿ? ಹೀಗೆ ಕೇಳಿದರೆ ದಿನ ಹತ್ತಿರಕ್ಕೆ ಸಿಗುತ್ತದೆ.

ದಾಖಲೆ ಇಲ್ಲದವರ ವಿಷಯ ಸ್ಪಷ್ಟವಾಗಿ ಹೇಳಬೇಕು. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯಿಂದ ಬಸುರಿಯೊಬ್ಬರನ್ನು ವಾಪಸ್ ಕಳಿಸಿದರೆಂಬ ಪ್ರಕರಣ ರಾಜ್ಯವನ್ನೇ ಕಲಕಿತು. ತಮಿಳುನಾಡಿನಿಂದ ಬಂದಿದ್ದ ಆಕೆ ಮನೆಯಲ್ಲೇ ಹೆತ್ತು, ಅವಳಿ ಕೂಸುಗಳ ಜೊತೆ ತೀರಿಕೊಂಡರು. ದಾಖಲೆ ಇಲ್ಲ ಎಂಬ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸರ್ಕಾರ ಆಮೇಲೆ ಸಾರಿ ಹೇಳಿತು. ಈ ಮಾತು ನಿಮ್ಮ ನಾಲಿಗೆ ತುದಿಯಲ್ಲಿರಲಿ. ನೋವು ಬಂದ ಹೆಣ್ಣನ್ನು ಯಾರಾದರೂ ಕಾಗದಕ್ಕಾಗಿ ಬಾಗಿಲಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತು ಕರ್ತವ್ಯದ ಡಾಕ್ಟರ್‌ನ್ನು ಕರೆಸಿ, ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ವಾಪಸ್ ಮನೆಗೆ ಮಾತ್ರ ಕರೆತರಬೇಡಿ.

4. ತಪಾಸಣೆ, ಮತ್ತೆ ಆ ಕಬ್ಬಿಣದ ಮಾತ್ರೆ

ಕನಿಷ್ಠ ನಾಲ್ಕು ತಪಾಸಣೆ ಆಗಬೇಕು: 12 ವಾರದೊಳಗೆ ಒಂದು, 14ರಿಂದ 26 ವಾರದಲ್ಲಿ ಒಂದು, 28ರಿಂದ 34ರಲ್ಲಿ ಒಂದು, 36ರ ಮೇಲೆ ಒಂದು. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿಂದ ಮೇಲಿನ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಕಾರ್ಯಕ್ರಮ ಅದು. ಕೆಲಸಕ್ಕೆ ಹೋಗುವವರು ಆ ಒಂದು ದಿನಕ್ಕೆ ಮೊದಲೇ ರಜೆ ಹೇಳಿಡಬಹುದು.

ಹೋದಾಗ ಐದು ಕೆಲಸ ಆಯಿತಾ ಎಂದು ಕಾರ್ಡ್ ನೋಡಿ: ತೂಕ, ರಕ್ತದ ಒತ್ತಡ, ರಕ್ತದಲ್ಲಿ ಹಿಮೋಗ್ಲೋಬಿನ್, ಮೂತ್ರ, ಹೊಟ್ಟೆ ಮುಟ್ಟಿ ಪರೀಕ್ಷೆ. ಸಕ್ಕರೆ, ಎಚ್‌ಐವಿ, ಸಿಫಿಲಿಸ್ ಪರೀಕ್ಷೆ, ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಇವೂ ಆಗಬೇಕು. ಖಾಲಿ ಕಾಲಂ ಕಂಡರೆ ಸಿಸ್ಟರ್‌ನ್ನು ಮೆಲ್ಲಗೆ ಕೇಳಿ. ಒತ್ತಡ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದೇ ದಿನ ಡಾಕ್ಟರ್ ನೋಡಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಮಾತ್ರೆ ಉಚಿತ, ಎಲ್ಲ ಕಡೆ ಸಿಗುತ್ತದೆ. ಹಾಗಾದರೆ ತೊಂದರೆ ಎಲ್ಲಿ? ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ಅಕ್ಕಿ ಡಬ್ಬದ ಹಿಂದೆ, ದೇವರ ಫೋಟೋ ಪಕ್ಕ, ಒಡೆಯದ ಕೆಂಪು ಮಾತ್ರೆಯ ಹಾಳೆಗಳು ಸಿಗುತ್ತವೆ. ಕೇಳಿದರೆ ಕಾರಣ ಮೂರೇ. ವಾಂತಿ ಬರುತ್ತದೆ. ಮಲ ಕಪ್ಪಗೆ ಹೋಗುತ್ತದೆ. "ಮಾತ್ರೆ ತಿಂದರೆ ಮಗು ದಪ್ಪ ಆಗಿ ಆಪರೇಷನ್ ಆಗುತ್ತೆ ಅಂತ ಅತ್ತೆ ಹೇಳಿದ್ರು."

ಬೈಯಬೇಡಿ, ಒಂದೊಂದಕ್ಕೂ ಉತ್ತರ ಇದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆ, ಹೆರಿಗೆ ಆದ ಮೇಲೆ ಇನ್ನೂ 180. ವಾಂತಿ ಬರುವವರು ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ, ಮಲಗುವ ಮುಂಚೆ ನುಂಗಲಿ. ಮಲ ಕಪ್ಪಾಗುವುದು ಕಬ್ಬಿಣದಿಂದ, ಅದರಿಂದ ತೊಂದರೆ ಇಲ್ಲ. ಮಗು ದಪ್ಪ ಆಗುವುದು ಈ ಮಾತ್ರೆಯಿಂದಲ್ಲ. ಹೆರಿಗೆಯಲ್ಲಿ ರಕ್ತ ಹೋದಾಗ ತಾಯಿ ತಡೆದುಕೊಳ್ಳಲಿ ಎಂದು ಇದನ್ನು ಕೊಡುವುದು ಎಂದು ಅತ್ತೆಗೇ ನೇರ ಹೇಳಿ. ಅತ್ತೆ ಒಪ್ಪಿದ ಮನೆಯಲ್ಲಿ ಮಾತ್ರೆ ಉಳಿಯುವುದಿಲ್ಲ.

ಮೋಸ ಹೋಗುವುದು ಇನ್ನೆರಡು ಕಡೆ. ಮಾತ್ರೆಯ ಜೊತೆ ಟೀ, ಕಾಫಿ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರ ಇರಲಿ, ನಿಂಬೆಹಣ್ಣಿನ ರಸ ಒಳ್ಳೆಯದು. ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು. ಅದು ದಿನಕ್ಕೆ ಎರಡು, ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ. ಕಬ್ಬಿಣದ್ದು ರಾತ್ರಿಗೆ. ಹೀಗೆ ಹಂಚಿಕೊಂಡರೆ ಗೊಂದಲವಿಲ್ಲ, ಅಲ್ವಾ?

ಗರ್ಭ ಬೇಡ ಎನ್ನುವವರೂ ನಿಮ್ಮ ಬಳಿ ಬರಬಹುದು. ಮೆಡಿಕಲ್ ಸ್ಟೋರ್‌ನಿಂದ ಮಾತ್ರೆ ತಂದು ಮನೆಯಲ್ಲೇ ನುಂಗಿ ರಕ್ತಸ್ರಾವದಿಂದ ಒದ್ದಾಡುವವರು ಕಡಿಮೆ ಇಲ್ಲ. ಕಾನೂನಿನ ಪ್ರಕಾರ 20 ವಾರದ ತನಕ, ಕೆಲವು ವರ್ಗದ ಮಹಿಳೆಯರಿಗೆ 24 ವಾರದ ತನಕ, ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ವೈದ್ಯರ ಒಪ್ಪಿಗೆಯಿಂದ ಗರ್ಭಪಾತ ಮಾಡಿಸಬಹುದು. ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಮಗು ಗಂಡೋ ಹೆಣ್ಣೋ ಎಂದು ಸ್ಕ್ಯಾನಿಂಗ್‌ನಲ್ಲಿ ಕೇಳುವುದು, ಹೇಳುವುದು ಎರಡೂ ಅಪರಾಧ.

5. ಹೆರಿಗೆಗೆ ಮೊದಲೇ ಮಾತಾಡಿಡಿ

ಏಳನೇ ತಿಂಗಳಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆಸಿ: ಹೆರಿಗೆ ಯಾವ ಆಸ್ಪತ್ರೆಯಲ್ಲಿ? ರಾತ್ರಿ ಎರಡು ಗಂಟೆಗೆ ನೋವು ಬಂದರೆ ಜೊತೆಗೆ ಹೋಗುವವರು ಯಾರು? ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು? ರಕ್ತ ಕೊಡುವವರು ಯಾರು?

ನಮ್ಮ ಕ್ಲಿನಿಕ್‌ನಲ್ಲಿ ಹೆರಿಗೆ ಆಗುವುದಿಲ್ಲ. ಇದು ಗೊತ್ತಿಲ್ಲದೆ ನೋವು ಬಂದಾಗ ಅಲ್ಲಿಗೇ ಓಡುವವರಿದ್ದಾರೆ. ಸಾಮಾನ್ಯ ಹೆರಿಗೆಗೆ ಪಾಲಿಕೆಯ ಹೆರಿಗೆ ಆಸ್ಪತ್ರೆಗಳಿವೆ. ಒತ್ತಡ, ಸಕ್ಕರೆ, ತೀವ್ರ ರಕ್ತಹೀನತೆ, ಅವಳಿ, ಹಿಂದೆ ಸಿಸೇರಿಯನ್ ಆದವರು ಮೊದಲೇ ವಾಣಿವಿಲಾಸ, ಘೋಷಾ, ಕೆ.ಸಿ. ಜನರಲ್, ಜಯನಗರ ಜನರಲ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಂಡಿರಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ವಾಪಸ್ ಬಿಡುವುದು ಎಲ್ಲವೂ ಉಚಿತ. ಕೂಸು ತೋರಿಸಲು ದುಡ್ಡು, ವಾರ್ಡಿಗೆ ತಳ್ಳಲು ದುಡ್ಡು ಎಂದು ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ. 104ಕ್ಕೆ ದೂರು ಹೇಳಿ.

ಆಂಬುಲೆನ್ಸ್‌ಗೆ 108. ಸ್ಲಂನಲ್ಲಿ ಮನೆ ನಂಬರ್ ಹೇಳಿದರೆ ಡ್ರೈವರ್‌ಗೆ ತಿಳಿಯುವುದಿಲ್ಲ. ಮುಖ್ಯರಸ್ತೆಯ ಒಂದು ಗುರುತನ್ನು ಮೊದಲೇ ನಿಗದಿ ಮಾಡಿ, ಫೋನ್ ಮಾಡಿದ ಕೂಡಲೇ ಒಬ್ಬ ಹುಡುಗನನ್ನು ಟಾರ್ಚ್ ಸಮೇತ ಅಲ್ಲಿ ನಿಲ್ಲಿಸಿ. ಓಣಿ ಕಿರಿದಾದರೆ ಗಟ್ಟಿಯಾದ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿ ತರಬಹುದು. ಓಣಿಯ ಇಬ್ಬರು ಆಟೋದವರ ನಂಬರ್ ಸಹ ಬರೆದಿಡಿ.

ಇವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ: ರಕ್ತ ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ, ಕೈ ಊದುವುದು, ಫಿಟ್ಸ್, ನೀರು ಒಡೆಯುವುದು, ಮಗು ಅಲುಗಾಡುವುದು ಕಡಿಮೆಯಾಗುವುದು, ಜ್ವರ, ಜೋರು ಹೊಟ್ಟೆನೋವು, ಉಸಿರು ಕಟ್ಟುವುದು.

ಸೀಮಂತ ಆಗಿ ತವರಿಗೆ ಹೊರಡುವವರ ಬಗ್ಗೆ ವಿಶೇಷ ಗಮನ ಬೇಕು. ಇಲ್ಲಿಯ ಆಶಾ "ಹೋದಳು" ಎಂದು ಬಿಡುತ್ತಾರೆ, ಅಲ್ಲಿಯ ಆಶಾಗೆ ಬಂದದ್ದು ತಿಳಿಯುವುದಿಲ್ಲ. ಒಂದೆರಡು ತಿಂಗಳು ತಪಾಸಣೆಯೇ ಇಲ್ಲದೆ ಕಳೆಯುತ್ತದೆ. ಹೊರಡುವ ಮುಂಚೆ ಇಲ್ಲಿಯ ಸಿಸ್ಟರ್‌ರಿಂದ ಅಲ್ಲಿಯ ಆಶಾಗೆ ಫೋನ್ ಮಾಡಿಸಿ. ಕಾರ್ಡ್, ಸ್ಕ್ಯಾನಿಂಗ್ ವರದಿ, ಉಳಿದ ಮಾತ್ರೆಗಳು ಚೀಲದಲ್ಲಿವೆಯಾ ಎಂದು ಕಣ್ಣಾರೆ ನೋಡಿ ಕಳಿಸಿ.

6. ಹೆರಿಗೆಯಾದ 42 ದಿನ

ಆಸ್ಪತ್ರೆಯಲ್ಲಿ ಕನಿಷ್ಠ 48 ಗಂಟೆ ಇರಲೇಬೇಕು. ತಾಯಂದಿರ ಜೀವಕ್ಕೆ ಅತಿ ಹೆಚ್ಚು ಅಪಾಯ ಮೊದಲ ದಿನದ ರಕ್ತಸ್ರಾವದಿಂದ. "ಮನೆಯಲ್ಲಿ ಯಾರೂ ಇಲ್ಲ" ಎಂದು ಸಹಿ ಹಾಕಿ ಬೇಗ ಬರುವವರಿಗೆ, ಮನೆಯನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಓಣಿಯವರು ಹೇಳಿದರೆ ಅದೇ ದೊಡ್ಡ ಸಹಾಯ.

ಮನೆಗೆ ಬಂದ ಮೇಲೆ ಆಶಾ 3, 7, 14, 21, 28 ಮತ್ತು 42ನೇ ದಿನ ಬಂದು ತಾಯಿ, ಮಗುವನ್ನು ನೋಡಬೇಕು. ಬರದಿದ್ದರೆ ನೆನಪಿಸಿ. ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳ ತನಕ ಅದೊಂದೇ. ಜೇನು, ಸಕ್ಕರೆ ನೀರು, ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಯಾವುದೂ ಬೇಡ.

ಬಾಣಂತನದಲ್ಲಿ ಬೆಚ್ಚಗಿಡುವುದು ಒಳ್ಳೆಯದೇ. ಆದರೆ ಕಿಟಕಿ ಇಲ್ಲದ ಹತ್ತಡಿ ಕೋಣೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹೊಗೆ ಹಾಕಿದರೆ ಆ ಹೊಗೆಯೆಲ್ಲ ಎಳೆ ಕೂಸಿನ ಎದೆಗೇ ಹೋಗುತ್ತದೆ. ತಾಯಿಯ ಎದೆಗೆ ಕೂಸನ್ನು ಅವುಚಿ ಬಟ್ಟೆ ಸುತ್ತಿದರೆ ಅದಕ್ಕಿಂತ ಚೆನ್ನಾಗಿ ಬೆಚ್ಚಗಿರುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಇದು ಆಸ್ಪತ್ರೆಯಲ್ಲೂ ಕಲಿಸುವ ಆರೈಕೆ. ಬಾಣಂತಿಗೆ ನೀರು ಕಡಿಮೆ ಕೊಡುವುದು, ತರಕಾರಿ ಬಿಡಿಸುವುದು ಬೇಡ.

ಕೂಸು ಹಾಲು ಎಳೆಯದಿದ್ದರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಅಂಗೈ ಅಂಗಾಲು ಹಳದಿಯಾದರೆ, ಹೊಕ್ಕುಳಲ್ಲಿ ಕೀವು ಕಂಡರೆ ತಕ್ಷಣ ಆಸ್ಪತ್ರೆ. ತಾಯಿಗೆ ಗಂಟೆಗೊಂದು ಬಟ್ಟೆ ನೆನೆಯುವಷ್ಟು ರಕ್ತ, ಜ್ವರ, ಕೆಟ್ಟ ವಾಸನೆಯ ಸ್ರಾವ ಕಂಡರೂ ಹಾಗೇ. ಬಾಣಂತಿ ಸುಮ್ನೆ ಅಳುತ್ತಿದ್ದರೆ, ಮಗುವನ್ನು ಮುಟ್ಟಲೂ ಬೇಡ ಎಂದರೆ "ದೃಷ್ಟಿ" ಎಂದು ತಳ್ಳಿಹಾಕದೆ ಡಾಕ್ಟರ್ ಬಳಿ ಕರೆದೊಯ್ಯಿರಿ.

21 ದಿನದೊಳಗೆ ಜನನ ನೋಂದಣಿ ಆಗಲಿ. ಹೆಸರು ಆಮೇಲೆ ಸೇರಿಸಬಹುದು.

7. ಮಗುವಿನ ಲಸಿಕೆ, ತೂಕ, ಭೇದಿ

ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ, ಕಾಮಾಲೆ ಬಿ. ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರ. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಎರಡನೇ ದಡಾರ-ರುಬೆಲ್ಲಾ ಮತ್ತು ಬೂಸ್ಟರ್. ಐದು ವರ್ಷಕ್ಕೆ ಇನ್ನೊಂದು ಬೂಸ್ಟರ್. ನಡುವೆ ಒಂದು ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಯಾವ ಊರಿನ ಕಾರ್ಡ್ ಆದರೂ ಇಲ್ಲಿ ನಡೆಯುತ್ತದೆ. ಸ್ವಲ್ಪ ನೆಗಡಿ, ಕೆಮ್ಮು ಇದ್ದರೂ ಲಸಿಕೆ ಹಾಕಿಸಬಹುದು. ಆಮೇಲೆ ಬರುವ ಜ್ವರಕ್ಕೆ ಹೆದರಿ ಮುಂದಿನದನ್ನು ಬಿಡುವುದೇ ಹೆಚ್ಚು ಕಡೆ ಆಗುವ ತಪ್ಪು. ಸಿಸ್ಟರ್ ಕೊಟ್ಟ ಜ್ವರದ ಔಷಧಿ ಹಾಕಿದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ.

ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಟೇಪ್ ಅಂಗನವಾಡಿಯಲ್ಲಿರುತ್ತದೆ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಬರೀ ಮೊಟ್ಟೆ, ಹಾಲು ಸಾಲದು. ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ, ಅಂದರೆ ಮಗುವನ್ನು ದಾಖಲಿಸಿಕೊಂಡು ಊಟ, ಚಿಕಿತ್ಸೆ ಎರಡೂ ಕೊಡುವ ವಾರ್ಡಿಗೆ ಕಳಿಸಬೇಕು.

ಮಳೆಗಾಲದಲ್ಲಿ ಚರಂಡಿ ನೀರು ನಲ್ಲಿಗೆ ಸೇರಿದರೆ ಭೇದಿ ಓಣಿಗೆಲ್ಲ ಹಬ್ಬುತ್ತದೆ. ಒಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗಿ ಅಪಾಯ. ಚಮಚದಲ್ಲಿ ಮೆಲ್ಲಗೆ ಕುಡಿಸಿ. ಜೊತೆಗೆ ಆಶಾ ಕೊಡುವ ಜಿಂಕ್ ಮಾತ್ರೆ, ಭೇದಿ ನಿಂತರೂ 14 ದಿನ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಆಸ್ಪತ್ರೆ.

8. ಬರಬೇಕಾದ ಹಣ

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ. ಅರ್ಜಿ ಅಂಗನವಾಡಿಯಲ್ಲಿ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ, ಪಂಗಡದ ನಗರದ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗೆ 600 ರೂಪಾಯಿ. ಹಣ ಬರುವುದು ತಾಯಿಯ ಸ್ವಂತ ಹೆಸರಿನ, ಆಧಾರ್ ಜೋಡಿಸಿದ ಖಾತೆಗೆ. ಗಂಡನ ಪಾಸ್‌ಬುಕ್ ಕೊಟ್ಟು ಕಾಯುತ್ತಾ ಕೂತವರು ಬಹಳ. ಮದುವೆಗೆ ಮುಂಚಿನ ಹೆಸರು ಆಧಾರ್‌ನಲ್ಲಿ, ಗಂಡನ ಮನೆಯ ಹೆಸರು ಬ್ಯಾಂಕಿನಲ್ಲಿ ಇದ್ದರೂ ಅರ್ಜಿ ನಿಲ್ಲುತ್ತದೆ. ಇದನ್ನು ಬಸುರಿಯ ಮೊದಲ ತಿಂಗಳುಗಳಲ್ಲೇ ಸರಿ ಮಾಡಿಸಿ.

ಗಾರ್ಮೆಂಟ್ಸ್ ಹೆಂಗಸರು ಸಂಬಳದ ಚೀಟಿಯಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಕಡಿತ ಇದೆಯಾ ನೋಡಲಿ. ಹೆರಿಗೆಗೆ ಮುಂಚಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳದ್ದು) ಒಟ್ಟು 70 ದಿನದ ವಂತಿಗೆ ಕಟ್ಟಿದ್ದರೆ, ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ಬದಲಿಗೆ ಹಣ ಸಿಗುತ್ತದೆ. ಬಸುರಿ ಎಂದು ಗೊತ್ತಾದ ಕೂಡಲೇ ಹೆದರಿ ಕೆಲಸ ಬಿಟ್ಟರೆ 70 ದಿನದ ಲೆಕ್ಕ ತುಂಬದೆ ಆ ಹಣವೇ ತಪ್ಪಬಹುದು. ರಾಜೀನಾಮೆ ಬರೆದುಕೊಡುವ ಮುಂಚೆ ಇಎಸ್‌ಐ ಶಾಖಾ ಕಚೇರಿಗೆ ಒಮ್ಮೆ ಹೋಗಿ ಕೇಳಿಬರಲಿ, ನೀವೂ ಜೊತೆಗೆ ಹೋಗಿ.